ರೈಲು ಮಸಿ, ಗೆರಟೆ ಮಸಿ

ಇದ್ದಿಲು ಎಂಬ ಮಾತನ್ನು ನಾನು ಓದಿದ್ದು ಶಾಲೆಯ ಪಾಠದಲ್ಲಿ. ಮನೆಯಲ್ಲಿ ಅದಕ್ಕೆ ಮಸಿ ಎಂದೇ ಹೆಸರು. ಎಪ್ಪತ್ತರ ದಶಕದ ಆರಂಭದಲ್ಲಿ ಆಲೆಟ್ಟಿಯಿಂದ ಮದುವೆಯಾಗಿ ಕಡಬದ ಹತ್ತಿರದ ಈ ಊರಿಗೆ ಬಂದೆ. ನನ್ನ ತಂದೆ ಮರದ ಕೆಲಸದ ಆಚಾರಿ, ಗಂಡನ ಮನೆಯವರು ಕಬ್ಬಿಣದ ಆಚಾರಿಗಳು. ಎರಡೂ ಒಂದೇ ಎಂದು ಮದುವೆ ಕುದುರಿಸಿದವರು ಹೇಳಿದ್ದರು. ಅವರಿಗೇನು, ಊಟ ಮಾಡಿ ಹೋದರು. ಅಪ್ಪ ಕೆಲಸ ಮಾಡುವ ಚಪ್ಪರದಲ್ಲಿ ಹಲಸಿನ ಮರದ ಹುಡಿಯ ಪರಿಮಳ ಇರುತ್ತಿತ್ತು. ಇಲ್ಲಿ ಬಂದು ನೋಡಿದರೆ ಹಗಲಿನಲ್ಲೂ ಕತ್ತಲೆ. ಗೋಡೆ ಕಪ್ಪು, ಮಾಡು ಕಪ್ಪು, ಕುಡಿಯುವ ನೀರಿನ ಚೆಂಬಿನ ಅಂಚೂ ಕಪ್ಪು.

ಬಂದ ಮರುದಿನ ಮಾವ, ಎಂದರೆ ಗಂಡನ ತಂದೆ, ನನ್ನನ್ನು ಕುಲುಮೆಯ ಬಾಗಿಲಿಗೆ ಕರೆದರು. ಗೋಣಿಯಿಂದ ಒಂದು ತುಂಡು ಮಸಿ ತೆಗೆದು ನನ್ನ ಕೈಗೆ ಕೊಟ್ಟು, "ಕಲ್ಲಿಗೆ ತಾಗಿಸಿ ನೋಡು" ಎಂದರು. ತಾಗಿಸಿದೆ. ಕಂಚಿನ ಬಟ್ಟಲಿಗೆ ಉಗುರು ತಾಗಿದ ಹಾಗೆ ಸಣ್ಣ ದನಿ ಬಂತು.

"ಎಂತ ಗೊತ್ತಾಯ್ತು?"

"ಇನ್ನು ಕೈ ಕಪ್ಪಾಗುದು ಅಂತ ಗೊತ್ತಾಯ್ತು ಮಾವ."

ಒಳಗೆ ಒಲೆಯ ಹತ್ತಿರ ಕುಳಿತಿದ್ದ ನನ್ನ ಗಂಡ ನಕ್ಕದ್ದು ಕೇಳಿಸಿತು. ಮಾವ ನಗಲಿಲ್ಲ. "ಕೈ ನೋಡಿಕೋ" ಎಂದರು. ನೋಡಿಕೊಂಡೆ. ಬೆರಳ ತುದಿಯಲ್ಲಿ ಒಂದಿಷ್ಟು ಬೂದು ಬಣ್ಣ ಬಿಟ್ಟರೆ ಕೈ ಕೈಯಾಗಿಯೇ ಇತ್ತು. ಚೆನ್ನಾಗಿ ಬೆಂದ ಮಸಿ ದನಿ ಕೊಡುತ್ತದೆ, ಕೈಗೆ ಹತ್ತುವುದಿಲ್ಲ ಎಂದು ಮಾವ ವಿವರಿಸಿದರು. ನನಗೆ ನಾಚಿಕೆಯಾಯಿತು, ಸಿಟ್ಟೂ ಬಂತು. ಹೊಸ ಮದುಮಗಳಿಗೆ ಬಂದ ಮರುದಿನವೇ ಪರೀಕ್ಷೆ ಇಡುವುದು ಯಾವ ಊರಿನ ಕ್ರಮ ಎಂದು ಗಂಡನ ಹತ್ತಿರ ಆಮೇಲೆ ಜಗಳ ಮಾಡಿದೆ. ಅವರು ಅದಕ್ಕೂ ನಕ್ಕರು. ಆಗ ಅವರು ಸುಲಭವಾಗಿ ನಗುತ್ತಿದ್ದರು.

ಆ ಮನೆಯಲ್ಲಿ ಮಸಿಗೂ ಜಾತಿ ಇತ್ತು. ಕಾಡಿನ ಗಟ್ಟಿ ಮರವಾದ ಮರುವದ ಮಸಿ ಎಲ್ಲಕ್ಕಿಂತ ಮೇಲು; ಉಕ್ಕು ಕೂಡಿಸುವ ದೊಡ್ಡ ಕೆಲಸಕ್ಕೆ ಅದೇ ಆಗಬೇಕು. ಮಾವಿನ ಮರದ್ದು, ಹಲಸಿನದ್ದು ಸಣ್ಣ ಪುಟ್ಟ ಬಗ್ಗಿಸುವ ಕೆಲಸಕ್ಕೆ. ತೆಂಗಿನ ಗೆರಟೆಯ, ಎಂದರೆ ಚಿಪ್ಪಿನ, ಮಸಿಯನ್ನು ಮಾವ ಕುಲುಮೆಯ ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ. "ಅದು ಪೇಟೆಯ ಅಕ್ಕಸಾಲಿಗರಿಗೆ, ಮತ್ತೆ ಇಸ್ತ್ರಿಪೆಟ್ಟಿಗೆಗೆ. ಉಂಗುರ ಮಾಡ್ಲಿಕ್ಕೆ ಸಾಕು. ಕೊಡಲಿ ಮಾಡುವವನ ಒಲೆಗೆ ಅದನ್ನು ಹಾಕಿದ್ರೆ ನೋಡಿದವರು ನಗ್ತಾರೆ" ಎನ್ನುತ್ತಿದ್ದರು. ಗಂಡನೂ ಅದನ್ನು ಹಾಗೆಯೇ ನಂಬಿದ್ದರು. ಅಪ್ಪ ಹೇಳಿದ ಮೇಲೆ ಮುಗಿಯಿತು.

ನಾನು ತಿದಿ ಎಳೆಯಲು ಕುಳಿತೆ. ಒಲೆಗೆ ಗಾಳಿ ಊದುವ ಆ ಚರ್ಮದ ಚೀಲ ಎಳೆದೂ ಎಳೆದೂ ಮೊದಲ ತಿಂಗಳು ತೋಳು ಎತ್ತಲಾಗುತ್ತಿರಲಿಲ್ಲ. ಕುಲುಮೆಗೆ ಕಿಟಕಿ ಯಾಕಿಲ್ಲ ಎಂಬುದು ಅಲ್ಲಿ ಕುಳಿತ ಮೇಲೆ ತಿಳಿಯಿತು. ಬಿಸಿಲು ಬಂದರೆ ಕಾದ ಕಬ್ಬಿಣದ ಬಣ್ಣ ಕಾಣುವುದಿಲ್ಲ. ಕೇಪುಳ ಹೂವಿನ ಕೆಂಪು ಬಂದರೆ ಬಗ್ಗಿಸಬಹುದು, ಹಣ್ಣಡಿಕೆಯ ಬಣ್ಣ ಬಂದರೆ ಬಡಿದು ಉದ್ದ ಮಾಡಬಹುದು. ಕತ್ತಿಯ ಮೈ ಮೆದು ಕಬ್ಬಿಣದ್ದು. ಅದರ ಬಾಯಿಯನ್ನು ಸೀಳಿ ಒಂದು ಉಕ್ಕಿನ ಪಟ್ಟಿ ಇಟ್ಟು ಎರಡನ್ನೂ ಒಂದು ಮಾಡಬೇಕು. ಆ ಪಟ್ಟಿಯೇ ಅಲಗು. ಅದಕ್ಕೆ ಕಬ್ಬಿಣ ಬೆಣ್ಣೆಯ ಬಣ್ಣಕ್ಕೆ ಬರಬೇಕು. ಸ್ವಲ್ಪ ಹಿಂದಾದರೆ ಅಂಟುವುದಿಲ್ಲ, ಮುಂದಾದರೆ ಸುಟ್ಟುಹೋಗುತ್ತದೆ.

ಇದನ್ನು ಅಳೆಯಲು ಮಾವನ ಹತ್ತಿರ ಒಂದು ಗುನುಗು ಇತ್ತು. ಮಾತಿಲ್ಲದ ಒಂದು ರಾಗ, ಅವರ ಅಪ್ಪನಿಂದ ಬಂದದ್ದು. ಕತ್ತಿಯನ್ನು ಕೆಂಡದಲ್ಲಿಟ್ಟ ಕೂಡಲೇ ಅದನ್ನು ಶುರು ಮಾಡುವುದು, ತಿದಿ ಎಳೆಯುವವರು ಅದರ ಲಯಕ್ಕೆ ಎಳೆಯುವುದು. ಗುನುಗು ಮುಗಿಯುವ ಹೊತ್ತಿಗೆ ಕಬ್ಬಿಣ ಬೆಣ್ಣೆಯಾಗಿರುತ್ತಿತ್ತು. ಇಕ್ಕುಳದಲ್ಲಿ ಎತ್ತಿ ಅಡಿಗಲ್ಲಿನ ಮೇಲಿಟ್ಟು ಹೊಡೆದರೆ ಎರಡು ಒಂದಾಗುತ್ತಿತ್ತು. ನಾನು ಅಡುಗೆಮನೆಯಲ್ಲಿ ಗಂಜಿ ಕುದಿಯುವುದಕ್ಕೂ ಅದನ್ನೇ ಗುನುಗಿಕೊಳ್ಳುವಷ್ಟು ಅದು ನನ್ನ ಮೈಗೆ ಹತ್ತಿತು. ಕತ್ತಿ ಮುಗಿದ ಮೇಲೆ ಹಿಡಿಯ ಹತ್ತಿರ ನಮ್ಮ ಗುರುತು: ಅರ್ಧ ಚಂದ್ರ, ಅದರ ಕೆಳಗೆ ಒಂದು ಚುಕ್ಕಿ. ಉಪ್ಪಿನಂಗಡಿಯ ಸಂತೆಯಲ್ಲಿ ಕೂಡ ಆ ಗುರುತು ಕಂಡರೆ ಜನ ಚೌಕಾಸಿ ಮಾಡದೆ ಎತ್ತಿಕೊಳ್ಳುತ್ತಿದ್ದರು ಎಂದು ಗಂಡ ಹೇಳುವಾಗ ಅವರ ಮುಖ ನೋಡಬೇಕಿತ್ತು.

ಆ ವರ್ಷಗಳಲ್ಲಿ ಕಡಬ, ನೆಲ್ಯಾಡಿ ಕಡೆ ಕೇರಳದಿಂದ ಬಂದವರು ಗುಡ್ಡ ತೆಗೆದುಕೊಂಡು ರಬ್ಬರ್ ನೆಡುತ್ತಿದ್ದರು. ಒಬ್ಬರು ನಮ್ಮ ನೆರೆಗೇ ಬಂದರು. ಅವರನ್ನು ಊರೆಲ್ಲ ಅವರ ಮಾತಿನಲ್ಲೇ ಚೇಟ, ಎಂದರೆ ಅಣ್ಣ, ಎನ್ನುತ್ತಿತ್ತು, ನಾವೂ ಹಾಗೆಯೇ ಕರೆದೆವು. ಕೊಡಲಿ, ಪಿಕಾಸು, ಕತ್ತಿ, ಆಮೇಲೆ ರಬ್ಬರ್ ಮರದ ತೊಗಟೆ ಕೆತ್ತುವ ಬಾಗಿದ ಸಣ್ಣ ಕತ್ತಿ, ಎಲ್ಲವೂ ಅವರಿಗೆ ನಮ್ಮಲ್ಲೇ ಆಗಬೇಕು. ಗುಡ್ಡದ ಮೇಲೆ ಉರುಳಿದ ಮರಗಳನ್ನು ಆಳುಗಳು ಗುಂಡಿಯಲ್ಲಿ ಒಂದರ ಮೇಲೊಂದು ಅಟ್ಟಿ, ಸೊಪ್ಪು ಮಣ್ಣು ಮುಚ್ಚಿ, ದಿನಗಟ್ಟಲೆ ಹೊಗೆಯಾಡಿಸಿ ಮಸಿ ಮಾಡುತ್ತಿದ್ದರು. ಅದು ನಮಗೆ ಬರುತ್ತಿತ್ತು. ಕುಲುಮೆಯ ಹಿಂದೆ ಗೋಣಿಗಳು ಮಾಡು ಮುಟ್ಟಿದವು. ಅಷ್ಟು ಮಸಿ ನಮ್ಮ ಮನೆಯಲ್ಲಿ ಯಾರೂ ಕಂಡಿರಲಿಲ್ಲ. ನಾವು ಮಾಡಿದ ಕೊಡಲಿಯಿಂದ ನಮ್ಮ ಒಲೆಯ ಮರವೇ ಮುಗಿಯುತ್ತಿದೆ ಎಂದು ನಮಗೆ ಯಾರಿಗೂ ಹೊಳೆಯಲಿಲ್ಲ. ಕೆಲಸ ಇದೆ, ಮಸಿ ಇದೆ, ಇನ್ನೇನು ಬೇಕು ಎಂದುಕೊಂಡೆವು. ಗೋಣಿಗಳು ಮಾಡು ಮುಟ್ಟಿದ್ದಾಗಲೇ ಮಾವ ತೀರಿಕೊಂಡರು. ಪುಣ್ಯವಂತರು.

ಅನಂತರ ನೋಡನೋಡುತ್ತ ಗೋಣಿಗಳು ತಗ್ಗಿದವು. ಗುಡ್ಡ ಪೂರ್ತಿ ರಬ್ಬರ್ ಆಯಿತು. ಮಸಿ ಸುಡುವವರು ಕೊಲ್ಲಮೊಗ್ರು ಕಡೆಯ ಕಾಡಿನ ಬದಿಗೆ ಹೋದರು. ಅಲ್ಲೂ ಅರಣ್ಯ ಇಲಾಖೆಯ ಬಿಗಿ ಬಂದು ಅವರು ಬೇರೆ ಕೆಲಸ ಹಿಡಿದರು. ಗಂಡ ಚೇಟನ ತೋಟದಲ್ಲಿ ಗಾಳಿಗೆ ಬಿದ್ದ ರಬ್ಬರ್ ಮರವನ್ನು ತಂದು ಸುಟ್ಟು ನೋಡಿದರು. ಆ ಮಸಿ ಅವಲಕ್ಕಿಯ ಹಾಗೆ ಹಗುರ. ಒಲೆಗೆ ಹಾಕಿ ತಿದಿ ಎಳೆದರೆ ಹಾರಿಹೋಗುತ್ತಿತ್ತು. ಮಾಡಿನ ಕಡೆ ಹಾರುವ ಕಿಡಿ ನೋಡುತ್ತ ಅವರು ಇಕ್ಕುಳ ಹಿಡಿದುಕೊಂಡೇ ಕುಳಿತಿದ್ದರು. ಕುಲುಮೆ ನಿಂತುಹೋಗುತ್ತದೆ ಎಂಬ ಹೆದರಿಕೆಯನ್ನು ಅವರ ಮುಖದಲ್ಲಿ ನಾನು ಮೊದಲ ಸಲ ಕಂಡದ್ದು ಆಗ. ಅವರಿಗೆ ಬೇರೆ ಏನೂ ಬರುತ್ತಿರಲಿಲ್ಲ, ಬರಬೇಕೆಂದು ಆಸೆಯೂ ಇರಲಿಲ್ಲ.

ಅಷ್ಟರಲ್ಲಿ ನಮ್ಮ ಕಡೆಗೆ ರೈಲು ಬಂದಿತ್ತು. ಹೊಗೆ ಬಿಡುವ ಎಂಜಿನು. ಹಳಿಯ ಬದಿಯಲ್ಲಿ ಬಿದ್ದ ಕಲ್ಲಿದ್ದಲನ್ನು ಹೆಂಗಸರು ಹೆಕ್ಕಿ ಚಹಾ ಹೋಟೆಲುಗಳಿಗೆ ಕೊಡುತ್ತಿದ್ದರು. ಪುತ್ತೂರಿಗೆ ಹೋದ ಗಂಡ ಒಂದು ಹೋಟೆಲಿನ ಒಲೆಯಲ್ಲಿ ಅದು ಉರಿಯುವುದನ್ನು ನೋಡಿ ಕಾಲು ಕಿತ್ತಿಡದೆ ನಿಂತರಂತೆ. ಪೇಟೆಯಲ್ಲಿ ಎರಕದ ಕೆಲಸದವನೊಬ್ಬನನ್ನೂ ಕೇಳಿದರು. ಅವನು ಕೋಕ್ ಉರಿಸುತ್ತಿದ್ದ. ಕಲ್ಲಿದ್ದಲನ್ನು ಗಾಳಿಯಾಡದ ಗೂಡಿನಲ್ಲಿ ಬೇಯಿಸಿ ಹೊಗೆ ಎಲ್ಲ ತೆಗೆದರೆ ಕೋಕ್ ಆಗುತ್ತದೆ, ಎರಕಕ್ಕೂ ಕುಲುಮೆಗೂ ಅದೇ ಸರಿ, ರೈಲಿನದ್ದು ನೀರು ಕಾಯಿಸಲಿಕ್ಕೆ ಮಾತ್ರ ಎಂದು ಅವನು ಹೇಳಿದ್ದನಂತೆ. ಆದರೆ ಕೋಕ್ ಲಾರಿಗಟ್ಟಲೆ ತರಿಸುವವರಿಗೆ ಸಿಗುವ ವಸ್ತು, ಗೋಣಿಯಲ್ಲಿ ಕೊಂಡುಹೋಗುವ ನಮಗೆ ಯಾರು ಕೊಡುತ್ತಾರೆ. ಗಂಡ ಹಳಿ ಬದಿಯ ಹೆಂಗಸರಿಂದ ಕಲ್ಲಿದ್ದಲು ಕೊಂಡು ಬಸ್ಸಿನ ಮೇಲೆ ಹಾಕಿಕೊಂಡು ಬಂದರು. ನಮ್ಮ ಮನೆಯಲ್ಲಿ ಅದಕ್ಕೆ ರೈಲು ಮಸಿ ಎಂದು ಹೆಸರಾಯಿತು.

ನಾನು ಹೇಳಿದೆ, "ನೀರು ಕಾಯಿಸ್ಲಿಕ್ಕೆ ಅಂತ ಅವನೇ ಹೇಳಿದ್ದಲ್ವಾ? ಗೆರಟೆ ಉಂಟಲ್ಲ, ಎಲ್ಲರ ಹಿತ್ತಿಲಲ್ಲಿ ರಾಶಿ ಬಿದ್ದಿದೆ. ಒಮ್ಮೆ ಸುಟ್ಟು ನೋಡುವ."

"ಅಪ್ಪ ಎಂತ ಹೇಳಿದ್ರು ನೆನಪಿಲ್ವಾ ನಿಂಗೆ?"

"ಅಪ್ಪ ರೈಲು ಮಸಿ ಹಾಕು ಅಂತ ಹೇಳಿದ್ರಾ?"

"ಬೇಡ ಅಂತ ಹೇಳ್ಲಿಲ್ಲ" ಎಂದರು. ಅದು ಸರಿಯೇ. ಮಾವ ಬದುಕಿದ್ದಾಗ ಊರಿಗೆ ರೈಲೇ ಬಂದಿರಲಿಲ್ಲ.

ಮೊದಲ ದಿನದ ಬೆಂಕಿ ನೋಡಿ ಗಂಡ ಹಿಗ್ಗಿದರು. ಹಳದಿ ಹೊಗೆ, ಕೊಳೆತ ಮೊಟ್ಟೆಯ ವಾಸನೆ, ಗಂಟಲು ಉರಿ, ಎಲ್ಲ ನಿಜ. ಆದರೆ ಕಾವು ಎಂದರೆ ಕಾವು. "ಇದು ಗಂಡು ಬೆಂಕಿ" ಎಂದರು. ನಾನು ಕೆಮ್ಮುತ್ತ ತಿದಿ ಎಳೆದೆ. ಅವರು ಅಪ್ಪನ ಗುನುಗು ಶುರು ಮಾಡಿದರು. ಗುನುಗು ಮುಗಿಯುವ ಮೊದಲೇ ಕಬ್ಬಿಣ ಸುಡುವ ಹದಕ್ಕೆ ಬಂದು ಅದರಿಂದ ಸಣ್ಣ ಸಣ್ಣ ನಕ್ಷತ್ರ ಸಿಡಿಯತೊಡಗಿತು. ನಾನು ಕೈ ನಿಲ್ಲಿಸಿದೆ. "ಎಳಿ, ಮುಗೀಲಿಲ್ಲ" ಎಂದರು. ಎಳೆದೆ. ಗುನುಗು ಪೂರ್ತಿಯಾದ ಮೇಲೆಯೇ ಅವರು ಇಕ್ಕುಳ ಹಾಕಿದ್ದು.

ಇದೇ ನಮ್ಮನ್ನು ಕೊಂದದ್ದು. ಮರದ ಮಸಿಯ ನಿಧಾನದ ಕಾವಿಗೆ ಹುಟ್ಟಿದ ಗುನುಗನ್ನು ಕಲ್ಲಿನ ಬೆಂಕಿಗೆ ಹಾಡಿದೆವು. ಬೆಂಕಿಯೇ ಕಣ್ಣು ಕುಕ್ಕುವಷ್ಟು ಬೆಳಗಿದಾಗ ಒಳಗಿನ ಕಬ್ಬಿಣದ ಬಣ್ಣ ಯಾವುದೆಂದು ಕಾಣುತ್ತಲೇ ಇರಲಿಲ್ಲ, ಆದ್ದರಿಂದ ಅವರು ಕಣ್ಣು ಬಿಟ್ಟು ಕಿವಿಯನ್ನು ನಂಬಿದರು. ಮೇಲಿಂದ ರೈಲು ಮಸಿಯ ಬೂದಿ ಕರಗಿ ಅಂಟಂಟಾಗಿ ಕಿಟ್ಟ ಕಟ್ಟುತ್ತಿತ್ತು. ಅದು ಕಬ್ಬಿಣಕ್ಕೂ ಉಕ್ಕಿಗೂ ನಡುವೆ ಸೇರಿಕೊಂಡರೆ ಹೊರಗಿನಿಂದ ಯಾರಿಗೂ ತಿಳಿಯದು. ಅರ ಹಾಕಿ ನಯ ಮಾಡಿ ಚಂದ್ರ, ಚುಕ್ಕಿ ಹೊಡೆದ ಮೇಲೆ ಹೊಸ ಕತ್ತಿ ಹಳೆಯದರಷ್ಟೇ ಚಂದ ಕಾಣುತ್ತಿತ್ತು.

ನಮ್ಮ ಕಡೆ ಕತ್ತಿ ಮುರಿದರೆ ಗುಜರಿಗೆ ಹಾಕುವುದಿಲ್ಲ. ಅದನ್ನು ಮಾಡಿದ ಆಚಾರಿಯ ಜಗಲಿಯಲ್ಲಿ ತಂದಿಟ್ಟು ಹೋಗುತ್ತಾರೆ. ಬೈಯುವುದಿಲ್ಲ, ಕಾರಣ ಕೇಳುವುದಿಲ್ಲ. ಇಟ್ಟು, "ಆಚಾರ್ರೆ, ಇಲ್ಲಿ ಇಟ್ಟಿದ್ದೇನೆ" ಎಂದು ಹೇಳಿ ಹೋಗುವುದು. ನಾನು ಬಂದ ಮೇಲೆ ಹಾಗೆ ಬಂದದ್ದು ಬಹಳ ಕಡಿಮೆ, ಅದೂ ತಲೆಮಾರು ತೇದು ಸವೆದವು. ಈಗ ಹೊಸವು ಬರತೊಡಗಿದವು. ಒಂದರ ಅಲಗು ಬಿದಿರಿನ ಸಿಪ್ಪೆಯ ಹಾಗೆ ಬಿಟ್ಟುಕೊಂಡಿತ್ತು. ಇನ್ನೊಂದರ ಮೂಲೆ ಹಾರಿತ್ತು. ಬೆಳಿಗ್ಗೆ ಬಾಗಿಲು ತೆರೆದರೆ ಜಗಲಿಯಲ್ಲಿ ಎರಡು ತುಂಡು, ಹಿಡಿಯ ಹತ್ತಿರ ನಮ್ಮದೇ ಚಂದ್ರ. ಇಟ್ಟವರ ಮುಖ ಕೂಡ ಕಾಣುತ್ತಿರಲಿಲ್ಲ. ನಮಗೆ ಮುಜುಗರ ಆಗಬಾರದೆಂದು ನಾವು ಏಳುವ ಮೊದಲೇ ಬಂದು ಹೋಗುತ್ತಿದ್ದರು. ಆ ಮರ್ಯಾದೆ ಬೈಗುಳಕ್ಕಿಂತ ಕೆಟ್ಟದಾಗಿತ್ತು. ಯಾರಾದರೂ ಅಂಗಳದಲ್ಲಿ ನಿಂತು ಬಾಯಿಗೆ ಬಂದದ್ದು ಬೈದಿದ್ದರೆ ನಾನೂ ತಿರುಗಿ ಬೈದು ಒಂದು ಹೊತ್ತು ಹಗುರಾಗುತ್ತಿದ್ದೆ.

ಗಂಡ ಮೊದಲು ಗುಜರಿಯಿಂದ ತಂದ ಕಬ್ಬಿಣವನ್ನು ದೂರಿದರು, ಆಮೇಲೆ ಯಾರದ್ದೋ ದೃಷ್ಟಿ ಎಂದರು. ಕುಲುಮೆಯ ಬಾಗಿಲಿಗೆ ಲಿಂಬೆಹುಳಿ ಕಟ್ಟಿದರು. ಗುನುಗನ್ನು ಅನುಮಾನಿಸುವುದು ಅವರಿಗೆ ಸಾಧ್ಯವೇ ಇರಲಿಲ್ಲ. ಅದು ಅಪ್ಪನನ್ನೇ ಅನುಮಾನಿಸಿದ ಹಾಗೆ. ನನಗೂ ಅದು ಸ್ಪಷ್ಟವಾಗಿ ಹೊಳೆದದ್ದು ಎಷ್ಟೋ ತಡವಾಗಿ.

ಕೊನೆಗೆ ಮುಖ ತೋರಿಸಿ ಬಂದವರು ಚೇಟ ಒಬ್ಬರೇ. ಅವರಿಗೆ ನಮ್ಮ ಕ್ರಮ ಗೊತ್ತಿರಲಿಲ್ಲ, ಅಥವಾ ಗೊತ್ತಿದ್ದೂ ಬೇಡವೆಂದುಕೊಂಡಿದ್ದರು. ಕಾಗದದಲ್ಲಿ ಸುತ್ತಿದ ರಬ್ಬರ್ ಕತ್ತಿಗಳನ್ನು ಜಗಲಿಯಲ್ಲಿ ಬಿಡಿಸಿಟ್ಟರು. ಬಾಯಿ ಎಲ್ಲ ಹಲ್ಲು ಹಲ್ಲು.

"ಆಚಾರ್ರೆ, ನಾನು ಕತ್ತಿಗೆ ಬಂದದ್ದಲ್ಲ. ನೀವೊಮ್ಮೆ ತೋಟಕ್ಕೆ ಬನ್ನಿ, ಮರ ನೋಡಿ."

ಇಬ್ಬರೂ ಹೋದೆವು. ರಬ್ಬರ್ ಮರದ ತೊಗಟೆಯನ್ನು ಕಾಗದದಷ್ಟು ತೆಳ್ಳಗೆ ಕೆತ್ತಬೇಕು. ಒಳಗಿನ ಮರಕ್ಕೆ ತಾಗಿದರೆ ಆ ಗಾಯ ಗಂಟಾಗಿ ಮತ್ತೆ ಅಲ್ಲಿ ಹಾಲು ಬರುವುದಿಲ್ಲ. ಸಾಲು ಸಾಲು ಮರಗಳ ಮೈ ಗಂಟು ಗಂಟಾಗಿತ್ತು. ನನ್ನ ಗಂಡ ಒಂದೊಂದನ್ನೂ ಬೆರಳಿನಿಂದ ಮುಟ್ಟಿ ನೋಡುತ್ತ ಹೋದರು. ಚೇಟ ಹಿಂದಿನಿಂದ, "ನೀವು ಮೊದಲು ಮಾಡಿ ಕೊಟ್ಟದ್ದು ಈಗ್ಲೂ ಉಂಟು, ಅದು ಹೀಗೆ ಮಾಡುದಿಲ್ಲ. ಈಗ ನಿಮ್ಗೆ ಎಂತ ಆಯ್ತು?" ಎಂದು ಕೇಳಿದರು. ಅದರಲ್ಲಿ ಸಿಟ್ಟಿರಲಿಲ್ಲ. ಗಂಡ ಮನೆಯ ಕಡೆ ತಿರುಗಿದರು. ಮನೆಗೆ ಬಂದು ರೈಲು ಮಸಿಯ ಗೋಣಿಗಳನ್ನು ಒಂದೊಂದಾಗಿ ಎಳೆದು ಹಿತ್ತಿಲ ಹೊಂಡಕ್ಕೆ ಸುರಿದರು. ಆಮೇಲೆ ಜಗಲಿಯಲ್ಲಿ ಕುಳಿತು ಅತ್ತರು. ಮಾವ ಹೋದಾಗಲೂ ಅವರು ಹಾಗೆ ಅತ್ತಿರಲಿಲ್ಲ. ನಾನು ಹೋಗಿ ಪಕ್ಕದಲ್ಲಿ ಕುಳಿತೆ, ಅಷ್ಟೆ.

ಗೆರಟೆ ಸುಡಲು ನಾನು ಅವರ ಅಪ್ಪಣೆ ಕೇಳಲಿಲ್ಲ. ಕೇಳಿದ್ದರೆ ಬೇಡ ಎನ್ನುತ್ತಿದ್ದರು. ಮನೆಮನೆ ಸುತ್ತಿ ಗೆರಟೆ ಹೊತ್ತು ತಂದೆ, ಹಿತ್ತಿಲಲ್ಲಿ ಗುಂಡಿ ತೋಡಿ ಒಳಗೆ ಬೆಂಕಿ ಹಿಡಿಸಿ, ಹೊಗೆ ತಿಳಿಯಾದ ಕೂಡಲೇ ತಗಡು ಮುಚ್ಚಿ ಮಣ್ಣು ಎಳೆದೆ. ಮೊದಲೆರಡು ಸಲ ಬೂದಿ ಸಿಕ್ಕಿತು. ಆಮೇಲೆ ಕೈ ಪಳಗಿತು. ತೆಗೆದ ತುಂಡನ್ನು ಕಲ್ಲಿಗೆ ತಾಗಿಸಿದರೆ ಮಾವ ಅವತ್ತು ಕೇಳಿಸಿದ ದನಿಗಿಂತ ತೆಳ್ಳಗಿನ, ಚೊಕ್ಕ ದನಿ. ಅದನ್ನು ತಂದು ಒಲೆಯ ಪಕ್ಕದಲ್ಲಿ ಸುರಿದು, "ನಗುವವರು ಯಾರೂ ಈಗ ಇತ್ತ ಬರುದಿಲ್ಲ. ಹಾಕಿ ನೋಡಿ" ಎಂದೆ.

ಅವರು ಹಾಕಿದರು. ಬೆಂಕಿಗೆ ಹೊಗೆ ಇಲ್ಲ, ಕಿಟ್ಟ ಇಲ್ಲ. ಬೇಗ ಉರಿದುಹೋಗುತ್ತದೆ ನಿಜ, ಮತ್ತೆ ಮತ್ತೆ ತುಂಬಬೇಕು. ಕುಲುಮೆ ಮೊದಲಿನ ಹಾಗೆ ಕತ್ತಲೆಯಾಯಿತು, ಕತ್ತಲೆಯ ನಡುವೆ ಕಬ್ಬಿಣದ ಬಣ್ಣ ಕಾಣಿಸಿತು. ಕೇಪುಳ, ಹಣ್ಣಡಿಕೆ, ಆಮೇಲೆ ಬೆಣ್ಣೆ. ಅವರು ಗುನುಗಲಿಲ್ಲ. ಬರೀ ನೋಡಿದರು, ಎತ್ತಿದರು, ಹೊಡೆದರು. ಒಂದು ಕತ್ತಿಯಾಯಿತು. ಅಲಗು ಮೈಯೊಳಗೆ ಎಲ್ಲಿ ಸೇರಿತು ಎಂದು ಬೆರಳಿಟ್ಟು ಹುಡುಕಿದರೂ ತಿಳಿಯಲಿಲ್ಲ. ನಾನು ಗುರುತಿನ ಉಳಿ ತಂದು ಕೊಟ್ಟೆ. ಅವರು ತೆಗೆದುಕೊಳ್ಳಲಿಲ್ಲ.

"ಇದು ಸರಿ ಉಂಟಲ್ಲ" ಎಂದೆ.

"ಮೊದಲಿನದ್ದೂ ಸರಿ ಉಂಟು ಅಂತಲೇ ಹೊಡೆದದ್ದು ನಾನು. ಬೆಂಕಿ ಸುಳ್ಳು ಹೇಳ್ಲಿಲ್ಲ ಮಾರಾಯ್ತಿ. ಓದ್ಲಿಕ್ಕೆ ನಂಗೆ ಬರ್ಲಿಲ್ಲ."

ಆ ಕತ್ತಿಯನ್ನು ಅವರು ಯಾರಿಗೂ ಕೊಡಲಿಲ್ಲ, ಇನ್ನೊಂದನ್ನು ಮಾಡಲೂ ಇಲ್ಲ. ನಾನು ಚೇಟನ ಹತ್ತಿರ ಹೋಗಿ, ಈಗ ಬೆಂಕಿ ಸರಿಯಾಗಿದೆ ಎಂದು ಹೇಳಿ ಬಂದೆ. ಅವರು ಒಳ್ಳೆಯ ಮನುಷ್ಯ. "ಮಾಡ್ಲಿ, ನಾನೇ ಮೊದಲು ತಗೊಳ್ತೇನೆ" ಎಂದರು. ಅದನ್ನು ಬಂದು ಹೇಳಿದಾಗ ಗಂಡ ಎದ್ದು ಬಾವಿಯ ಕಡೆ ಹೋದರು. ಅಷ್ಟು ಹೊತ್ತಿಗೆ ಪುತ್ತೂರಿನ ಅಂಗಡಿಗಳಿಗೆ ಯಂತ್ರದಲ್ಲಿ ಮಾಡಿದ ಕತ್ತಿಗಳು ರಾಶಿ ಬರತೊಡಗಿದ್ದವು. ನನ್ನ ಗಂಡನ ಹಠಕ್ಕೆ ಅದೊಂದು ನೆವವೂ ಸಿಕ್ಕಿತು.

ಹಿತ್ತಿಲಲ್ಲಿ ಗುಂಡಿ ಮಾತ್ರ ಉರಿಯುತ್ತಲೇ ಇತ್ತು, ಯಾಕೆಂದರೆ ಹಸಿವಿನಿಂದ ಹೊಟ್ಟೆಯೂ ಉರಿಯುತ್ತಿತ್ತು. ಇಸ್ತ್ರಿಯವರು, ಅಕ್ಕಸಾಲಿಗರು ನನ್ನ ಮಸಿ ಕೊಳ್ಳತೊಡಗಿದರು. ಅವರ ಬಾಯಿಂದ ಬಾಯಿಗೆ ಹೋಗಿ ಒಂದು ದಿನ ಮಂಗಳೂರು ಕಡೆಯಿಂದ ಲಾರಿ ಬಂತು. ಎಷ್ಟು ಮಾಡಿದರೂ ತೆಗೆದುಕೊಳ್ಳುತ್ತೇವೆ ಎಂದ ಲಾರಿಯವನು. ಗೆರಟೆ ಮಸಿಯನ್ನು ಯಾವುದೋ ಕಾರ್ಖಾನೆಯಲ್ಲಿ ಹಬೆಯಲ್ಲಿ ಮತ್ತೆ ಕಾಯಿಸಿ ಹುಡಿ ಮಾಡುತ್ತಾರಂತೆ, ಅದು ನೀರಿನ ಕೊಳೆ ಹೀರಲಿಕ್ಕೆ, ಎಣ್ಣೆಯ ಬಣ್ಣ ತೆಗೆಯಲಿಕ್ಕೆ, ವಿಷದ ಗಾಳಿ ತಡೆಯುವ ಮುಖವಾಡಕ್ಕೆ ಹೋಗುತ್ತದಂತೆ. ಮಾವ ಹೊಸ್ತಿಲು ದಾಟಿಸದ ಮಸಿಗೆ ಎಷ್ಟೊಂದು ಕೆಲಸ. ನನಗೆ ನಗು ಬರಬೇಕಿತ್ತು.

ಗುಂಡಿ ದೊಡ್ಡದಾಯಿತು. ಮಳೆಗೆ ಗೋಣಿ ನೆನೆಯಬಾರದೆಂದು ಅವನ್ನು ಕುಲುಮೆಯೊಳಗೆ ಪೇರಿಸಿದೆವು. ಒಲೆಯ ಮೇಲೂ ಗೋಣಿ, ತಿದಿಯ ಮೇಲೂ ಗೋಣಿ. ಇಡೀ ಗೆರಟೆ ಸರಿಯಾಗಿ ಬೇಯುವುದಿಲ್ಲ, ಒಡೆದು ಹಾಕಬೇಕು. ಆ ಕೆಲಸವನ್ನು ಗಂಡ ವಹಿಸಿಕೊಂಡರು. ಅಡಿಗಲ್ಲನ್ನು ಅಂಗಳಕ್ಕೆ ಉರುಳಿಸಿ ತಂದು, ಅದರ ಮೇಲೆ ಗೆರಟೆ ಇಟ್ಟು, ಅಪ್ಪನ ಸುತ್ತಿಗೆಯಲ್ಲಿ ಒಡೆಯುತ್ತ ಕೂರುತ್ತಿದ್ದರು. ಮೊದಲು ಆ ಕಲ್ಲಿನ ಸದ್ದು ಹೊಳೆಯ ಆಚೆಗೂ ಕೇಳುತ್ತಿತ್ತು. ಗೆರಟೆಯ ಸದ್ದು ಅಂಗಳ ದಾಟುತ್ತಿರಲಿಲ್ಲ. ಮನೆ ನಡೆಯಿತು, ಅದನ್ನು ಇಲ್ಲ ಎನ್ನಲಾರೆ. ಆದರೆ ಅವರು ಹಾಗೆ ಕುಳಿತಿರುವುದನ್ನು ನೋಡುವಾಗ ನನಗೆ ಊಟ ಸೇರುತ್ತಿರಲಿಲ್ಲ. ಈ ಮನೆಯನ್ನು ಉಳಿಸಿದ್ದು ಯಾವುದೋ ಅದೇ ಅವರನ್ನು ಮುಗಿಸಿತು. ಅದಕ್ಕೆ ಯಾರನ್ನು ಬೈಯಲಿ ಎಂದು ಇವತ್ತಿಗೂ ನನಗೆ ಗೊತ್ತಾಗಿಲ್ಲ.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಒಂದು ಬೆಳಿಗ್ಗೆ ಯಾರದ್ದೋ ಮನೆಗೆ ಹೊಸದಾಗಿ ಬಂದ ಸೊಸೆಯೊಬ್ಬಳು ಅಂಗಳಕ್ಕೆ ಬಂದಳು. ಕೈಯಲ್ಲಿ ಹಳೆಯ ಕತ್ತಿ. ನನ್ನ ಮಾವನ ಕಾಲದ್ದು, ತೇದು ತೇದು ಅಲಗು ಕಡ್ಡಿಯಷ್ಟು ಉಳಿದಿತ್ತು, ಚಂದ್ರ ಮಾತ್ರ ಹಾಗೆಯೇ ಇತ್ತು. ಜಗಲಿಯಲ್ಲಿ ಇಡಬೇಕೆಂದು ಅವಳ ಅತ್ತೆ ಹೇಳಿಕೊಟ್ಟಿರಬೇಕು. ಇಟ್ಟು ತಿರುಗಿ ನೋಡಿದಳು. ಅಡಿಗಲ್ಲಿನ ಮುಂದೆ, ಸುತ್ತಿಗೆ ಹಿಡಿದು, ಕಾಲ ಸುತ್ತ ಗೆರಟೆ ಹರಡಿಕೊಂಡು ನನ್ನ ಗಂಡ ಕುಳಿತಿದ್ದರು.

"ಆಚಾರಿ ಇಲ್ವಾ ಇಲ್ಲಿ? ಇದಕ್ಕೆ ಹೊಸ ಉಕ್ಕು ಇಡಿಸ್ಬೇಕಿತ್ತು."

ನಾನು ಅಡುಗೆಮನೆಯ ಬಾಗಿಲಿಗೆ ಬಂದೆ. ಈಗ ಹೇಳುತ್ತಾರೆ, ಈಗ ಎದ್ದು ಕತ್ತಿ ಎತ್ತಿಕೊಳ್ಳುತ್ತಾರೆ ಎಂದು ಕಾದು ನಿಂತೆ. ಅವರು ಕತ್ತಿಯ ಚಂದ್ರವನ್ನು ನೋಡಿದರು.

"ಇಲ್ಲ" ಎಂದರು.

"ಯಾವಾಗ ಬರ್ತಾರೆ?"

"ಬರುದಿಲ್ಲ. ಪುತ್ತೂರಲ್ಲಿ ಹೊಸತ್ತು ಸಿಗ್ತದೆ."

ಅವಳು ಕತ್ತಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋದಳು. ನನ್ನ ಗಂಡ ಇನ್ನೊಂದು ಗೆರಟೆಯನ್ನು ಕಲ್ಲಿನ ಮೇಲಿಟ್ಟರು. ಗುರುತಿಲ್ಲದ ಆ ಒಂದು ಕತ್ತಿ ನನ್ನ ಅಡುಗೆಮನೆಯಲ್ಲಿದೆ. ಅದರ ಅಲಗು ಇವತ್ತಿಗೂ ಬಿಟ್ಟುಕೊಂಡಿಲ್ಲ. ಅದನ್ನು ಅವರಿಗೆ ಹೇಳಬೇಕೆಂದು ಎಷ್ಟೋ ಸಲ ಬಾಯಿಗೆ ಬಂದಿತ್ತು, ಹೇಳಲಿಲ್ಲ. ಈಗ ಹೇಳೋಣವೆಂದರೆ ಅವರಿಲ್ಲ.